ಓಕ್ ರಿಡ್ಜ್ ಬಾಯ್ಸ್: ನಾಲ್ಕು ದನಿಗಳನ್ನು ಬಿಡಿಸಿ ಕೇಳುವುದು ಹೇಗೆ?

ನಿಮ್ಮ ಪ್ರಶ್ನೆ: “ಓಕ್ ರಿಡ್ಜ್ ಬಾಯ್ಸ್ ಹಾಡಿದ್ದರಲ್ಲಿ ‘ಎಲ್ವೈರಾ’ ಒಂದನ್ನೇ ಕೇಳಿದ್ದೇನೆ. ಚರ್ಚ್ ಹಾಡು ಹಾಡುತ್ತಿದ್ದವರು ಕಂಟ್ರಿ-ಪಾಪ್‌ಗೆ ಬಂದು ಗೆದ್ದದ್ದು ಹೇಗೆ? ಯಾವ ದನಿ ಯಾರದು ಅಂತ ತಿಳಿಯುವುದು ಹೇಗೆ?”

ಓಕ್ ರಿಡ್ಜ್ ಬಾಯ್ಸ್ ಅಮೆರಿಕದ ನಾಲ್ವರು ಗಾಯಕರ ತಂಡ. ಕಂಟ್ರಿ ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಜನಪ್ರಿಯ ಸಂಗೀತ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಮೊದಲನೆಯದರ ಉತ್ತರ ಅದರೊಳಗೇ ಇದೆ.

ನಮ್ಮಲ್ಲಿ ನಾಲ್ಕು ಜನ ಸೇರಿ ಹಾಡಿದರೆ ಸಾಮಾನ್ಯವಾಗಿ ನಾಲ್ವರೂ ಒಂದೇ ಸ್ವರ ಹಾಡುತ್ತಾರೆ. ಇವರ ಪದ್ಧತಿ ಹಾಗಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಗಾಸ್ಪೆಲ್ ಕ್ವಾರ್ಟೆಟ್‌ನಲ್ಲಿ, ಅಂದರೆ ಕ್ರೈಸ್ತ ಭಕ್ತಿಗೀತೆ ಹಾಡುವ ನಾಲ್ವರ ತಂಡದಲ್ಲಿ, ಪ್ರತಿಯೊಬ್ಬರಿಗೂ ಬೇರೆ ಸ್ವರ. ಮುಖ್ಯ ಧಾಟಿ ಹಿಡಿದವನು ಲೀಡ್. ಅವನು ಷಡ್ಜದಲ್ಲಿ ನಿಂತಿದ್ದಾನೆ ಅಂದುಕೊಳ್ಳಿ. ಟೆನರ್ ಅದರ ಮೇಲೆ ಶಂಕರಾಭರಣದ ಗಾಂಧಾರ ಹಿಡಿಯುತ್ತಾನೆ, ಬ್ಯಾರಿಟೋನ್ ಕೆಳಗಿನ ಪಂಚಮ, ಬಾಸ್ ಮಂದ್ರ ಷಡ್ಜ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಈ ನಾಲ್ಕು ಮನೆಗಳನ್ನು ಒಟ್ಟಿಗೆ ಒತ್ತಿ ನೋಡಿ. ಆಮೇಲೆ ಒಂದೊಂದೇ ಬೆರಳು ಎತ್ತುತ್ತಾ ಬನ್ನಿ. ಪಂಚಮದ ಬೆರಳು ಎತ್ತಿದಾಗ ನಾದ ತೆಳ್ಳಗಾಗುತ್ತದೆ, ಆದರೆ ಏನು ಹೋಯಿತು ಅಂತ ಚಟ್ಟನೆ ಹೇಳಲಾಗುವುದಿಲ್ಲ. ಬ್ಯಾರಿಟೋನ್ ಕೆಲಸ ಅದೇ. ಹೊಸಬರ ಕಿವಿಗೆ ಕೊನೆಗೆ ಸಿಗುವ ದನಿಯೂ ಅದೇ.

ಹಾಗಾಗಿ ಬಾಸ್‌ನಿಂದ ಶುರು ಮಾಡಿ. ಮೊಬೈಲಿನ ಸ್ಪೀಕರ್ ಬೇಡ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಮಂದ್ರ ಸ್ವರದ ಬುಡವೇ ಹೊರಬರುವುದಿಲ್ಲ, ರಿಚರ್ಡ್ ಸ್ಟರ್ಬನ್ ಹಾಡಿದ್ದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ. ಇಯರ್‌ಫೋನ್ ಹಾಕಿಕೊಂಡು 1981ರ ‘ಫ್ಯಾನ್ಸಿ ಫ್ರೀ’ ಆಲ್ಬಮ್‌ನಲ್ಲಿರುವ ‘ಎಲ್ವೈರಾ’ವನ್ನೇ ಕೇಳಿ, ವೇದಿಕೆಯ ಮೇಲಿನ ರೆಕಾರ್ಡಿಂಗ್ ಬೇಡ. ಚರಣ ಹಾಡುವವರು ಟೆನರ್ ಜೋ ಬಾನ್ಸಲ್. ಪಲ್ಲವಿ ಬಂದಾಗ ಅರ್ಥವಿಲ್ಲದ ನಾಲ್ಕೈದು ಅಕ್ಷರಗಳನ್ನು ಹಿಡಿದು ಸ್ಟರ್ಬನ್ ಪಾತಾಳಕ್ಕೆ ಇಳಿಯುತ್ತಾರೆ. ತಂಡದ ಅತಿ ಎತ್ತರದ ದನಿ ಮತ್ತು ಅತಿ ಆಳದ ದನಿ ಬೆನ್ನು ಬೆನ್ನಿಗೆ ಬರುವುದರಿಂದಲೇ ಆ ಜಾಗ ಕಿವಿಯಲ್ಲಿ ಉಳಿಯುತ್ತದೆ.

ಹಾಡು ಹೊಸದೇನಲ್ಲ. ಡಲ್ಲಾಸ್ ಫ್ರೇಜಿಯರ್ ಬರೆದು 1966ರಲ್ಲೇ ಹಾಡಿದ್ದರು. ಕೆನ್ನಿ ರಾಜರ್ಸ್ ತಂಡವೂ ರಾಡ್ನಿ ಕ್ರೋವೆಲ್ ಅವರೂ ಆಮೇಲೆ ಹಾಡಿದ್ದರು. ಯಾರ ಕೈಯಲ್ಲೂ ದೊಡ್ಡ ಹಿಟ್ ಆಗದ ಹಾಡು ಇವರ ಕೈಯಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿ ಗ್ರ್ಯಾಮಿ ತಂದಿತು. ಕ್ವಾರ್ಟೆಟ್‌ನ ಬಾಸ್ ಪದ್ಧತಿ ಬೆನ್ನಿಗಿರದಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಡಿನ ವಸ್ತು ಬದಲಾಯಿತು, ಕಟ್ಟು ಚರ್ಚ್‌ನದ್ದೇ ಉಳಿಯಿತು.

ಆ ಕಟ್ಟು ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಗಾಗಿ ಟೆನೆಸ್ಸಿಯಲ್ಲಿ ಎದ್ದ ಓಕ್ ರಿಡ್ಜ್ ಪಟ್ಟಣದ ಕೆಲಸಗಾರರ ಮುಂದೆ ವಾಲಿ ಫೌಲರ್ ತಂಡ ಹಾಡುತ್ತಿತ್ತು, ಹೆಸರು ಬಂದದ್ದು ಅಲ್ಲಿಂದ. ಜನ ಬದಲಾಗುತ್ತಾ ಬಂದು 1965ರಲ್ಲಿ ಬ್ಯಾರಿಟೋನ್ ವಿಲಿಯಂ ಲೀ ಗೋಲ್ಡನ್, 1966ರಲ್ಲಿ ಲೀಡ್ ಡುವೇನ್ ಆಲನ್, 1972ರಲ್ಲಿ ಸ್ಟರ್ಬನ್, 1973ರಲ್ಲಿ ಬಾನ್ಸಲ್ ಸೇರಿದರು. ಸ್ಟರ್ಬನ್ ಅದಕ್ಕೆ ಮುಂಚೆ ಎಲ್ವಿಸ್ ಪ್ರೀಸ್ಲಿಯ ಹಿಂದೆ ಹಾಡುತ್ತಿದ್ದ ಸ್ಟ್ಯಾಂಪ್ಸ್ ತಂಡದಲ್ಲಿದ್ದವರು.

ಗಾಸ್ಪೆಲ್‌ನಿಂದ ಕಂಟ್ರಿಗೆ ದಾಟುವುದು ಸಲೀಸಾಗಿರಲಿಲ್ಲ. ಉದ್ದ ಕೂದಲು, ಡ್ರಮ್ಸ್ ಇರುವ ಬ್ಯಾಂಡ್ ನೋಡಿ ಗಾಸ್ಪೆಲ್ ಕೇಳುಗರು ಮುನಿಸಿಕೊಂಡರು. ಕಂಟ್ರಿ ರೇಡಿಯೋಗೆ ಇವರಿನ್ನೂ ಚರ್ಚ್ ತಂಡವೇ. ಎರಡೂ ಕಡೆ ಕೈತಪ್ಪಿದ ಆ ವರ್ಷಗಳಲ್ಲಿ ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್ ಇವರನ್ನು ತಮ್ಮ ಕಾರ್ಯಕ್ರಮಗಳಿಗೆ ಕರೆದುಕೊಂಡರು, 1973ರಲ್ಲಿ ಜೊತೆಗೆ ಒಂದು ಹಾಡನ್ನೂ ರೆಕಾರ್ಡ್ ಮಾಡಿದರು. ನಿಜವಾದ ತಿರುವು 1977ರ ‘ಯಾಲ್ ಕಮ್ ಬ್ಯಾಕ್ ಸಲೂನ್’. ನಿರ್ಮಾಪಕ ರಾನ್ ಚಾನ್ಸಿ. ಹಾಡು ಕಂಟ್ರಿ ಪಟ್ಟಿಯಲ್ಲಿ 3ಕ್ಕೆ ಬಂತು, ಮರುವರ್ಷ ‘ಐ ವಿಲ್ ಬಿ ಟ್ರೂ ಟು ಯು’ ಮೊದಲ ಬಾರಿಗೆ 1ನೇ ಸ್ಥಾನ ತಂದುಕೊಟ್ಟಿತು.

ಕೇಳುವ ಕ್ರಮಕ್ಕೆ ಬಂದರೆ, ‘ಎಲ್ವೈರಾ’ ಆದ ಕೂಡಲೇ 1979ರ ‘ಡ್ರೀಮ್ ಆನ್’ ಹಾಕಿ. ಅದರಲ್ಲಿ ಮುಖ್ಯ ಧಾಟಿ ಸ್ಟರ್ಬನ್ನರದ್ದೇ, ಆ ದನಿಯ ಬಣ್ಣ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ 1982ರ ‘ಥ್ಯಾಂಕ್ ಗಾಡ್ ಫಾರ್ ಕಿಡ್ಸ್’, ಅದು ಗೋಲ್ಡನ್ ಹಾಡಿದ್ದು. ಅಡಗಿರುವ ಬ್ಯಾರಿಟೋನ್ ಇಲ್ಲಿ ಒಬ್ಬಂಟಿಯಾಗಿ ಸಿಗುತ್ತದೆ, ಇದನ್ನು ನಾಲ್ಕೈದು ಸಲ ಕೇಳಿ. ಆಲನ್‌ಗೆ ‘ಐ ವಿಲ್ ಬಿ ಟ್ರೂ ಟು ಯು’ ಸಾಕು. ಬಾನ್ಸಲ್‌ಗೆ 1982ರ ‘ಬಾಬಿ ಸೂ’. ಎಲ್ಲರಿಗೂ ಲೀಡ್ ಹಾಡಲು ಬರುತ್ತದೆ ಅನ್ನುವುದು ಈ ತಂಡದ ಆಯಸ್ಸಿನ ಗುಟ್ಟು. ಒಂದೇ ದನಿಯ ಮೇಲೆ ನಿಂತ ತಂಡವಾಗಿದ್ದರೆ ರೇಡಿಯೋಗೆ ಬೇಗ ಸಾಕಾಗುತ್ತಿತ್ತು.

ಇಲ್ಲಿ ಒಂದು ತೊಡಕಿದೆ. 1987ರಲ್ಲಿ ಗೋಲ್ಡನ್ ಅವರನ್ನು ತಂಡದಿಂದ ಹೊರಗಿಟ್ಟರು. ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಸ್ಯಾಂಡರ್ಸ್ ಆ ಜಾಗಕ್ಕೆ ಬಂದರು. 1988ರ ‘ಗಾನ ಟೇಕ್ ಎ ಲಾಟ್ ಆಫ್ ರಿವರ್’ ಅವರದ್ದೇ ಲೀಡ್, 1ನೇ ಸ್ಥಾನಕ್ಕೂ ಹೋಯಿತು. ಆದರೆ ಸ್ಯಾಂಡರ್ಸ್ ದನಿ ಮೇಲಕ್ಕೆ ಎಳೆಯುವ ದನಿ. ಗೋಲ್ಡನ್ ಕಾಲದ ದಪ್ಪ ನಾದ ಆ ರೆಕಾರ್ಡುಗಳಲ್ಲಿ ಇಲ್ಲ, ಹಾಗಾಗಿ ಗೋಲ್ಡನ್ ಹುಡುಕುವವರು 1987ರಿಂದ 1995ರವರೆಗಿನ ಹಾಡುಗಳಲ್ಲಿ ದಾರಿ ತಪ್ಪುತ್ತಾರೆ. 1995ರ ಕೊನೆಗೆ ಗೋಲ್ಡನ್ ಮರಳಿದರು. ಅಷ್ಟರಲ್ಲಿ ಕಂಟ್ರಿ ರೇಡಿಯೋ ಹೊಸ ತಲೆಮಾರಿನ ಗಾಯಕರ ಕಡೆ ತಿರುಗಿತ್ತು.

ಗೌರವಗಳು ತಡವಾಗಿ ಬಂದವು: 2011ರಲ್ಲಿ ಕಂಟ್ರಿ ಸಂಗೀತದ ಹಳೆಯ ರೇಡಿಯೋ-ವೇದಿಕೆ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯತ್ವ, 2015ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅವರ ಅಂತ್ಯಸಂಸ್ಕಾರದಲ್ಲಿ ಇವರು ‘ಅಮೇಜಿಂಗ್ ಗ್ರೇಸ್’ ಹಾಡಿದ ವಿಡಿಯೋ ತಪ್ಪದೆ ನೋಡಿ. ಕಲಿತದ್ದನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಬಾನ್ಸಲ್ 2024ರ ಜನವರಿಯಲ್ಲಿ ಅನಾರೋಗ್ಯದಿಂದ ವೇದಿಕೆ ಬಿಟ್ಟರು, ಅದೇ ಜುಲೈನಲ್ಲಿ ತೀರಿಕೊಂಡರು. ಅದರ ನಂತರದ ವಿಡಿಯೋಗಳಲ್ಲಿ ಟೆನರ್ ಹಾಡುತ್ತಿರುವ ಯುವಕ ಬೆನ್ ಜೇಮ್ಸ್.