ಕಾಸರಗೋಡಿನವರಿಗೆ ಆನ್‌ಲೈನಿನಲ್ಲಿ ಇನ್ನೇನು ಬೇಕು?

ಕೇರಳದಲ್ಲಿ ಎಲ್ಲ ಆನ್‌ಲೈನ್ ಆಗಿದೆಯಲ್ಲ, ಕಾಸರಗೋಡಿನ ಕನ್ನಡಿಗರಿಗೆ ಮತ್ತೇನು ತೊಂದರೆ ಎಂದು ಕರ್ನಾಟಕದಲ್ಲಿರುವ ನೀವು ಕೇಳಿದ್ದೀರಿ. ಆಗಿರುವುದು ನಿಜ. ಆದಾಯ, ಜಾತಿ ಸರ್ಟಿಫಿಕೇಟಿಗೆ ಇ-ಡಿಸ್ಟ್ರಿಕ್ಟ್ ಎಂಬ ಸರಕಾರಿ ಜಾಲತಾಣ ಇದೆ. ಜಾಗದ ತೆರಿಗೆಯನ್ನು ಮನೆಯಿಂದಲೇ ಕಟ್ಟಬಹುದು. ಅದಕ್ಕೆ ತಂಡಪೇರು ನಂಬರು ಬೇಕು, ನಿಮ್ಮಲ್ಲಿ ಖಾತೆ ನಂಬರು ಇದ್ದ ಹಾಗೆ.

ತೊಡಕು ಇರುವುದು ಅಕ್ಷರದಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತ ಎಷ್ಟೋ ಹಿರಿಯರು ಮಲಯಾಳ ಸಲೀಸಾಗಿ ಮಾತಾಡುತ್ತಾರೆ, ಓದಲು ಬಾರದು. ಪರದೆಯ ಮೇಲಿರುವುದು ಇಂಗ್ಲಿಷ್, ಮಲಯಾಳ. ಹಾಗಾಗಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಹೆಸರು ಬಾಯಲ್ಲಿ ಹೇಳುತ್ತಾರೆ, ಅಲ್ಲಿನವರು ಕೇಳಿದ ಹಾಗೆ ಟೈಪು ಮಾಡುತ್ತಾರೆ. ಐತಪ್ಪ ಎಂಬ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ 'ಟಿ' ಆದ ಮೇಲೆ 'ಎಚ್' ಹಾಕುವವರಿದ್ದಾರೆ, ಬಿಡುವವರೂ ಇದ್ದಾರೆ. ಲ-ಳ, ನ-ಣ ಇಂಗ್ಲಿಷಿಗೆ ಹೋದಾಗಲೇ ಒಂದಾಗುತ್ತವೆ; ಅಲ್ಲಿಂದ ಮಲಯಾಳಕ್ಕೆ ತರುವವರು ಊಹಿಸಿ ಬರೆಯಬೇಕು. ಆಧಾರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಜಾಗದ ಕಾಗದದಲ್ಲಿ ಮತ್ತೊಂದು ಹೆಸರಾದರೆ ಮೂವರೂ ಒಬ್ಬರೇ ಎಂದು ತೋರಿಸಲು ಪ್ರತ್ಯೇಕ ದಾಖಲೆ ಮಾಡಿಸಬೇಕಾಗುತ್ತದೆ. 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುದರಿಂದ ಹಳೆಯ ಜಾಗದ ಪತ್ರಗಳು ಕನ್ನಡದಲ್ಲಿವೆ, ಅವನ್ನು ಓದಬಲ್ಲ ಅಧಿಕಾರಿಯೂ ಬೇಕಾಗುತ್ತದೆ.

ಇನ್ನೊಂದು ಎಡವಟ್ಟು ಫೋನ್ ನಂಬರಿನದ್ದು. ದಾಖಲೆ ಸಾಲದೆ ಅರ್ಜಿ ವಾಪಸು ಬಂದರೆ ಮೆಸೇಜು ಬರುತ್ತದೆ. ನಂಬರು ನೆರೆಮನೆಯವರದ್ದೋ ಕೇಂದ್ರದ್ದೋ ಆಗಿದ್ದರೆ ಅರ್ಜಿದಾರರಿಗೆ ಸುದ್ದಿಯೇ ಇಲ್ಲ. ಕಾಲೇಜಿಗೆ ಸೇರುವ ಕೊನೆಯ ದಿನ ದಾಟಿರುತ್ತದೆ.

ಜನ ಕೇಳುವುದು ದೊಡ್ಡದೇನಲ್ಲ. ಅರ್ಜಿಯ ಪುಟ ಕನ್ನಡದಲ್ಲೂ ತೆರೆಯಲಿ. ಕನ್ನಡದಲ್ಲಿ ಬರೆದ ಹೆಸರನ್ನೇ ಮೂಲವೆಂದು ಇಟ್ಟುಕೊಳ್ಳಲಿ. ವಾಪಸು ಕಳಿಸಿದ ಕಾರಣ, ಯಾವ ಕಾಗದ ಸಾಲದು ಎಂಬುದು ಕನ್ನಡದ ಮೆಸೇಜಿನಲ್ಲಿ ಬರಲಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಕಾಗದಕ್ಕೆ ಇರುವ ಹಕ್ಕು ಕಂಪ್ಯೂಟರಿಗೆ ಬಂದಾಗ ಕಳೆದುಹೋಗಬಾರದು.

ಅಲ್ಲಿಯವರೆಗೆ ನಿಮ್ಮ ಸಂಬಂಧಿಕರು ಇಲ್ಲಿದ್ದರೆ ಹೀಗೆ ಹೇಳಿ: ಶಾಲೆಯ ದಾಖಲೆಯಲ್ಲಿರುವ ಇಂಗ್ಲಿಷ್ ಹೆಸರನ್ನು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡಿ, ಸ್ವಂತ ನಂಬರೇ ಹಾಕಿಸಿ, ಕಳಿಸುವ ಮೊದಲು ಪರದೆ ತಿರುಗಿಸಿ ತೋರಿಸಲು ಹೇಳಿ.