ಹಡಗು ಇಲ್ಲೇ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಮೇಡಂ, ನಾವು ಐದು ಜನ ಗೆಳೆಯರು ಭಾನುವಾರ ಸಂಜೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ನಾನು ಗೇಮ್ ಮಾಸ್ಟರ್. ಹೊಸ ಕ್ಯಾಂಪೇನ್‌ಗಾಗಿ ಒಂದು ಕಲ್ಪನೆಯ ಬಂದರು ಪಟ್ಟಣ ಕಟ್ಟಿದ್ದೇನೆ. ದೊಡ್ಡ ಮ್ಯಾಪ್ ಬರೆದೆ. ರಾಜವಂಶದ ಚರಿತ್ರೆಯೇ ನಲವತ್ತು ಪುಟ ಇದೆ. ಆದರೆ ಮೊದಲ ಸೆಷನ್‌ನಲ್ಲಿ ಎಲ್ಲರೂ ಸೀದಾ ಹೆಂಡದಂಗಡಿಗೆ ಹೋಗಿ ಕೂತುಬಿಟ್ಟರು. ಊರು ನಾಟಕದ ಹಿಂದಿನ ಪರದೆಯ ಹಾಗೆ ಸುಮ್ನೆ ನೇತಾಡುತ್ತಿತ್ತು. ಎಲ್ಲಿ ತಪ್ಪಿದೆ?

ಉತ್ತರ: ನಲವತ್ತು ಪುಟ ಬರೆಯುವುದು ಎಷ್ಟು ಖುಷಿಯ ಕೆಲಸ ಎಂದು ನನಗೆ ಗೊತ್ತು. ಅದನ್ನು ಎಸೆಯಬೇಡಿ. ಸದ್ಯಕ್ಕೆ ಕಪಾಟಿನಲ್ಲಿಡಿ.

ಈ ಆಟ ಆಡದ ಓದುಗರಿಗೆ ಎರಡು ಮಾತು. ಇಲ್ಲಿ ಒಬ್ಬರು, ಅಂದರೆ ಗೇಮ್ ಮಾಸ್ಟರ್, ಕಥೆ ನಡೆಸುತ್ತಾರೆ. ಹಲವು ಸಂಜೆ ಸಾಗುವ ಒಂದು ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ, ಒಂದು ಸಂಜೆಯ ಆಟಕ್ಕೆ ಸೆಷನ್. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು, ತಾವೇನು ಮಾಡುತ್ತೇವೆ ಎಂದು ಹೇಳುತ್ತಾ ಹೋಗುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದು ತೀರಾ ಹೊಸದು ಅನ್ನಿಸದು. ವೇಷ ಇಲ್ಲ, ರಂಗಸ್ಥಳ ಇಲ್ಲ. ಕೂತಲ್ಲೇ ಮಾತಿನಲ್ಲಿ ಒಂದು ಲೋಕ ಎದ್ದು ನಿಲ್ಲಬೇಕು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಹಡಗುಗಳು ನಿಮ್ಮ ಊರಿನಲ್ಲೇ ಯಾಕೆ ನಿಲ್ಲುತ್ತವೆ? ನಿಂತ ಮೇಲೆ ಯಾಕೆ ಕೂಡಲೇ ಹೊರಡುವುದಿಲ್ಲ? ನನ್ನ ಲೆಕ್ಕದಲ್ಲಿ ಬಂದರು ಎಂದರೆ ಕಾಯುವ ಊರು. ಉಬ್ಬರಕ್ಕೆ ಕಾಯುತ್ತಾರೆ, ಗಾಳಿಗೆ ಕಾಯುತ್ತಾರೆ, ಸರಕಿಗೆ, ಸಾಲಕ್ಕೆ, ಸುಂಕದವನ ಮುದ್ರೆಗೆ ಕಾಯುತ್ತಾರೆ. ಹೀಗೆ ಕಾಯುವವರಿಂದ ಯಾರೋ ದುಡ್ಡು ಮಾಡುತ್ತಾರೆ, ಯಾರೋ ಮನೆ ಮಾರುತ್ತಾರೆ. ನಿಮ್ಮ ಪ್ಲೇಯರ್‌ಗಳು ಹೆಂಡದಂಗಡಿಯಲ್ಲಿ ಕೂತದ್ದು ಅವರ ತಪ್ಪಲ್ಲ. ಅವರು ಯಾವುದಕ್ಕೂ ಕಾಯುತ್ತಿರಲಿಲ್ಲ, ಅಷ್ಟೇ.

ನಾನು ಕುಂದಾಪುರದ ಕಡೆಯವಳು. ನಮ್ಮಲ್ಲಿ ನದಿ ಕಡಲು ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳ ನೀರು ಒಂದೇ ಕಡೆ ಸಮುದ್ರಕ್ಕೆ ಬೀಳುತ್ತದೆ. ಹೊಳೆ ತಂದ ಮರಳು, ಅಲೆ ತಳ್ಳಿದ ಮರಳು ಅಳಿವೆಯಲ್ಲಿ ದಿಬ್ಬ ಕಟ್ಟುತ್ತದೆ. ಮಳೆಗಾಲ ಬಂದು ಹೋದರೆ ದಿಬ್ಬದ ಜಾಗ ಬದಲು. ಹೋದ ವರ್ಷ ದೋಣಿ ಹೋದ ದಾರಿಯಲ್ಲಿ ಈ ವರ್ಷ ದೋಣಿ ಮಗುಚಬಹುದು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರ್ ಆಚೀಚೆ, ಅದೂ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ. ಭಾರ ತುಂಬಿದ ಹಡಗಿಗೆ ಆ ಒಂದೂವರೆ ಮೀಟರೇ ಬಾಗಿಲು.

ಇದನ್ನು ನಿಮ್ಮ ಊರಿಗೆ ಹಾಕಿ ನೋಡಿ. ಈ ವರ್ಷದ ದಾರಿ ಗೊತ್ತಿರುವ ತಾಂಡೇಲರು, ಅಂದರೆ ದೋಣಿ ನಡೆಸುವವರು, ಊರಲ್ಲಿ ಮೂವರೇ. ಒಬ್ಬ ಮೊನ್ನೆ ಸತ್ತ. ಇನ್ನೊಬ್ಬಳು ಸುಂಕದವರ ಜೊತೆ ಮುನಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ. ಮೂರನೆಯವನು ಕೇಳಿದ ದರ ಕೇಳಿದರೆ ವ್ಯಾಪಾರಿಗಳಿಗೆ ನಿದ್ದೆ ಬರುವುದಿಲ್ಲ. ನೋಡಿ, ರಾಜನ ಹೆಸರು ಇನ್ನೂ ಬಂದೇ ಇಲ್ಲ, ಆಗಲೇ ಮೂರು ಸೆಷನ್‌ಗೆ ಸಾಕಾಗುವಷ್ಟು ಕೆಲಸ ಆಯಿತು.

ಆಮೇಲೆ ಕ್ಯಾಲೆಂಡರ್. ಇದನ್ನು ಮ್ಯಾಪ್‌ಗಿಂತ ಮೊದಲು ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾಯಿಹಡಗಿನ ಕಾಲದಲ್ಲಿ ಜೂನ್, ಜುಲೈ ನಮ್ಮ ಬಂದರುಗಳಿಗೆ ಬೀಗ ಬಿದ್ದ ಹಾಗೆ. ನೈಋತ್ಯ ಮಾರುತದ ಜೋರು ಇಳಿದ ಮೇಲೆ ಅರಬ್ ಕಡೆಯ ಹಡಗು ಬರುತ್ತಿದ್ದವು. ವಾಪಸ್ ಹೋಗಲು ಈಶಾನ್ಯದ ಗಾಳಿ ಬೀಸಬೇಕು. ನಡುವೆ ತಿಂಗಳುಗಟ್ಟಲೆ ಪರಊರಿನ ಗಂಡಸರು ಇಲ್ಲೇ ಇರುತ್ತಾರೆ. ಅವರಿಗೆ ಊಟ ಬೇಕು, ಮಲಗಲು ಜಾಗ ಬೇಕು, ಸರಕಿಡಲು ಭಂಡಸಾಲೆ ಬೇಕು, ಪತ್ರ ಬರೆಯುವವರು ಬೇಕು. ಕೆಲವರು ಹಿಂದಿರುಗುವುದೇ ಇಲ್ಲ.

ಮಂಗಳೂರಿನ ಒಂದು ಬದುಕು ನನಗೆ ತುಂಬಾ ಇಷ್ಟ. ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಅಲ್ಲಿದ್ದ. ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ. ಅವಳನ್ನೇ ಮದುವೆಯಾದ ಎಂದು ಚರಿತ್ರೆಕಾರರು ನಂಬುತ್ತಾರೆ. ಕಂಚಿನ ಪಾತ್ರೆ ಮಾಡಿಸುವ ಕಮ್ಮಟ ಇಟ್ಟಿದ್ದ. ಯೆಮೆನ್‌ನ ಏಡನ್ ಬಂದರಿನ ಗೆಳೆಯರು ಒಡೆದ ಹಳೇ ಪಾತ್ರೆ ಕಳಿಸಿ, ಇಂಥ ಅಳತೆಯದ್ದು ಮಾಡಿಸಿಕೊಡು ಎಂದು ಬರೆಯುತ್ತಿದ್ದರು. ಜೊತೆಗೆ ಅವನಿಗೆಂದು ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅವನ ಪರವಾಗಿ ಏಡನ್‌ವರೆಗೆ ಹೋಗಿ ವ್ಯಾಪಾರ ಮಾಡಿಬರುತ್ತಿದ್ದ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಆ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಹಳೇ ಕಾಗದದ ಕೋಣೆಯಲ್ಲಿ ಉಳಿದು ನಮಗೆ ಸಿಕ್ಕಿವೆ. ಒಂದು ಸಂಸಾರ, ಒಂದು ಕಮ್ಮಟ, ಒಬ್ಬ ಆಳು. ನಿಮ್ಮ ಊರಿಗೆ ಇಂಥ ಒಂದು ಮನೆ ಬರೆದರೆ ಇಡೀ ರಾಜವಂಶಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಪ್ಲೇಯರ್‌ಗಳು ಆ ಮನೆಯ ಬಾಗಿಲು ತಟ್ಟಬಹುದು, ಅಲ್ವಾ?

ಸರಕಿನ ವಿಷಯದಲ್ಲಿ ಹತ್ತು ಬೇಡ, ಒಂದೇ ಒಂದು ಸರಕು ಹಿಡಿಯಿರಿ. ಭಟ್ಕಳಕ್ಕೆ ಕಡಲಾಚೆಯಿಂದ ಬರುತ್ತಿದ್ದದ್ದು ಕುದುರೆ. ವಿಜಯನಗರದ ಸೈನ್ಯಕ್ಕೆ ಅದು ಬೇಕೇ ಬೇಕು. ವಿಜಯನಗರ ಪಟ್ಟಣದಲ್ಲಿ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅಲ್ಲಿ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ. ದಾರಿಯಲ್ಲಿ ಸತ್ತ ಕುದುರೆಗೂ ರಾಜ ಬೆಲೆ ಕೊಡುತ್ತಿದ್ದನಂತೆ. ಕಡಲಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕು. ಇದನ್ನು ಓದಿದ ದಿನ ನಾನು ಎದ್ದು ಓಡಾಡಿದ್ದೆ! ಬಾಲ ಎಣಿಸುವ ಗುಮಾಸ್ತ ಯಾರು? ಕುದುರೆಯೇ ಇಲ್ಲದ ಬಾಲ ಎಲ್ಲಿಂದ ಬರುತ್ತಿದೆ? ಈ ಸಲ ಬಂದ ಬಾಲಗಳು ಕುದುರೆಯದೇ ಅಲ್ಲದಿದ್ದರೆ? ಫ್ಯಾಂಟಸಿ ಬೇಕೆಂದರೆ ಬಾಗಿಲು ಇಲ್ಲೇ ತೆರೆದಿದೆ.

ಇನ್ನು ರಾಜವಂಶ. ಆಳುವವರು ಬಂದರಿನಲ್ಲೇ ಇರಬೇಕೆಂದಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಗೇರುಸೊಪ್ಪೆ ಇರುವುದು ಶರಾವತಿಯ ಒಳಗೆ. ಹೊನ್ನಾವರದಿಂದ ದೋಣಿ ಅಲ್ಲಿಯವರೆಗೆ ಏರುತ್ತದೆ, ಮುಂದೆ ಘಟ್ಟ. ಮೇಲಿಂದ ಹೇರೆತ್ತಿನ ಬೆನ್ನ ಮೇಲೆ ಇಳಿದ ಮೆಣಸು ಅಲ್ಲಿ ದೋಣಿ ಹತ್ತಬೇಕು. ಆ ಜಾಗ ಹಿಡಿದವಳ ಕೈಯಲ್ಲಿ ಬಂದರಿನ ಕುತ್ತಿಗೆ ಇರುತ್ತದೆ. ನಿಮ್ಮ ನಲವತ್ತು ಪುಟವನ್ನು ಹೊಳೆಯ ಮೇಲಕ್ಕೆ ಸಾಗಿಸಿ. ಅರಮನೆ ಎರಡು ದಿನದ ದಾರಿಯಲ್ಲಿರಲಿ. ಆಗ ಬಂದರಿನವರು ಅಪ್ಪಣೆಗೂ ಕಾಯಬೇಕಾಗುತ್ತದೆ.

ಪ್ರಶ್ನೆ: ನನ್ನ ಊರಿನಲ್ಲಿ ಎಲ್ಫ್, ಡ್ವಾರ್ಫ್ ಎಂಬ ಫ್ಯಾಂಟಸಿ ಕಥೆಗಳ ಜನ, ಕಡಲಿನಿಂದ ಎದ್ದು ಬಂದ ಜನ ಎಲ್ಲ ಇದ್ದಾರೆ. ಎಲ್ಲರನ್ನೂ ಒಂದೇ ಮಾರ್ಕೆಟ್‌ನಲ್ಲಿ ನಿಲ್ಲಿಸಿದರೆ ಸಂತೆಯ ಥರ ಕಾಣುತ್ತದೆ. ಹೇಗೆ ಬಿಡಿಸಲಿ?

ಉತ್ತರ: ಕೇರಿ ಮಾಡಿ. ಬಾರಕೂರಿಗೆ ಹೋದರೆ ಇವತ್ತಿಗೂ ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ ಎಂಬ ಹೆಸರು ಕೇಳುತ್ತೀರಿ. ಕರಾವಳಿಯ ಶಾಸನಗಳಲ್ಲಿ ವ್ಯಾಪಾರಿಗಳ ಕೂಟಕ್ಕೆ ನಖರ ಎಂದೂ, ಹೊರದೇಶದಿಂದ ಬಂದ ವರ್ತಕರ ಕೂಟಕ್ಕೆ ಹಂಜಮಾನ ಎಂದೂ ಹೆಸರಿದೆ. ಅಂದರೆ ಬಂದವರು ಬರೀ ಗಿರಾಕಿಗಳಾಗಿ ಉಳಿಯಲಿಲ್ಲ, ಊರಿನ ವ್ಯವಹಾರದಲ್ಲಿ ಅವರ ಕೂಟಕ್ಕೂ ಒಂದು ಜಾಗ ಇತ್ತು. ನಿಮ್ಮ ಡ್ವಾರ್ಫ್‌ಗಳಿಗೆ ಒಂದು ಕೇರಿ ಕೊಡಿ. ಆ ಕೇರಿಯೊಳಗಿನ ಜಗಳ ಯಾರು ತೀರಿಸುತ್ತಾರೆ, ಕೇರಿ ದಾಟಿದ ಜಗಳ ಯಾರ ಮುಂದೆ ಹೋಗುತ್ತದೆ ಎಂದು ಬರೆಯಿರಿ. ಅವರ ಮಕ್ಕಳು ಎಲ್ಲಿ ಕಲಿಯುತ್ತಾರೆ ಎಂಬುದನ್ನೂ ಬರೆಯಿರಿ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳದ್ದು 23 ಕಂಡೆ ಎಂದು ಲೆಕ್ಕ ಕೊಡುತ್ತಾನೆ. ಫ್ಯಾಂಟಸಿ ಬಂದರುಗಳಲ್ಲಿ ನಾನು ಕಳ್ಳರ ಸಂಘ ಎಷ್ಟೋ ನೋಡಿದ್ದೇನೆ, ಶಾಲೆ ನೋಡಿದ್ದು ಬಹಳ ಕಡಿಮೆ.

ದೇವರ ವಿಷಯದಲ್ಲಿ ಒಂದು ಕೋರಿಕೆ. ನಮ್ಮ ಮೊಗವೀರರು ನಂಬುವ ಬೊಬ್ಬರ್ಯ ದೈವದ ಕಥೆಯಲ್ಲಿ ಮುಸ್ಲಿಂ ವ್ಯಾಪಾರಿ ಮನೆತನ ಬರುತ್ತದೆ, ಹಡಗಿನ ವ್ಯಾಪಾರ ಬರುತ್ತದೆ. ಕಡಲ ಊರಿನ ದೈವ ಹೀಗೆ ಎರಡು ದಡಕ್ಕೂ ಸೇರಿದ್ದು ಎಂಬ ವಿಚಾರ ನಿಮ್ಮ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹೆಸರು, ವೇಷ, ನುಡಿ ಎತ್ತಿಕೊಂಡು ದಾಳಕ್ಕೆ ಎದುರಾಗಿ ನಿಲ್ಲಿಸಬೇಡಿ. ಅದು ಇವತ್ತೂ ಜನ ಕೈಮುಗಿಯುವ ನಂಬಿಕೆ. ಕಡಲಿಗಿಳಿಯುವ ಮೊದಲು ಹಾಲು, ತೆಂಗಿನಕಾಯಿ ಅರ್ಪಿಸುವ ಮನಸ್ಸು ಎಂಥದು ಎಂದು ಯೋಚಿಸಿ, ಅದಕ್ಕೆ ನಿಮ್ಮದೇ ಹೊಸ ಹೆಸರಿಡಿ.

ಪ್ರಶ್ನೆ: ನಮ್ಮ ಲೋಕದಲ್ಲಿ ಮಂತ್ರ ಹಾಕಿ ಗಾಳಿ ಕರೆಯಬಹುದು. ಹಾಗಿದ್ದರೆ ಹಡಗು ಕಾಯುವುದೇ ಬೇಡವಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಒಂದು ಕಾಯುವಿಕೆ ತಪ್ಪಿದರೆ ಇನ್ನೊಂದು ಹುಟ್ಟುತ್ತದೆ. ಉಗಿಹಡಗು ಬಂದಾಗ ಗಾಳಿಯ ಹಂಗು ತಪ್ಪಿತು. ಆದರೆ ಆ ದೊಡ್ಡ ಹಡಗು ಮಂಗಳೂರಿನ ಹಳೇ ಬಂದರಿನೊಳಗೆ ಬರಲಾರದು, ನೀರಿನ ಆಳ ಸಾಲದು. ಅದು ಹೊರಗೆ ಲಂಗರು ಹಾಕಬೇಕು. ಸರಕನ್ನು ಮಚ್ವೆ ಎಂಬ ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಆಗ ಹಡಗಿನವರು ಕಾಯುತ್ತಿದ್ದದ್ದು ಮಚ್ವೆಯವರಿಗೆ. ಕೊನೆಗೆ 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರೇ ಆಯಿತು.

ನಿಮ್ಮಲ್ಲೂ ಹಾಗೇ ಕೇಳಿ. ಗಾಳಿ ಕರೆಯುವವರು ಎಷ್ಟು ಜನ, ಅವರಿಗೆ ಸಂಬಳ ಕೊಡುವವರು ಯಾರು? ಪೋರ್ಚುಗೀಸರು ಕಾರ್ತಾಜ್ ಎಂಬ ಪರವಾನಗಿ ಚೀಟಿ ಮಾರುತ್ತಿದ್ದರು. ಚೀಟಿ ಇಲ್ಲದ ಹಡಗು ಕಡಲಲ್ಲಿ ಸಿಕ್ಕರೆ ಹಿಡಿಯುತ್ತಿದ್ದರು. ಆದರೆ ಅದೇ ಪೋರ್ಚುಗೀಸರ ಗೋವೆಗೆ ನಮ್ಮ ಬಸ್ರೂರು, ಮಂಗಳೂರು ಕಡೆಯ ಅಕ್ಕಿ ಬೇಕಿತ್ತು. ಕಡಲು ಅವರ ಹಿಡಿತದಲ್ಲಿದೆ, ಅವರ ಊಟ ನಿಮ್ಮ ಭಂಡಸಾಲೆಯಲ್ಲಿದೆ. ಗಾಳಿಯನ್ನು ಚೀಟಿ ಲೆಕ್ಕದಲ್ಲಿ ಮಾರುವ ಒಂದು ಶಕ್ತಿಯನ್ನು ನಿಮ್ಮ ಲೋಕದಲ್ಲಿ ಇಡಿ. ಅದು ಹಸಿಯುವಂತೆಯೂ ನೋಡಿಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರಿಗೆ ಒಂದು ಮಾತು ಉಳಿದಿದೆ. ಮುಂದಿನ ಭಾನುವಾರ ಪ್ಲೇಯರ್‌ಗಳನ್ನು ಊರೊಳಗೆ ಬಿಡಬೇಡಿ. ಹಡಗನ್ನು ಅಳಿವೆಯ ಹೊರಗೆ ನಿಲ್ಲಿಸಿ. ದೂರದಲ್ಲಿ ದಕ್ಕೆಯ ದೀಪ ಕಾಣಲಿ, ಮೀನು ಒಣಗಿಸಿದ ವಾಸನೆ ಬರಲಿ. ಕುಡಿಯುವ ನೀರು ಎರಡು ದಿನಕ್ಕೆ ಇದೆ, ಹುಣ್ಣಿಮೆಗೆ ಇನ್ನೂ ನಾಲ್ಕು ದಿನ. ಕತ್ತಲಲ್ಲಿ ಒಂದು ಸಣ್ಣ ದೋಣಿ ಹತ್ತಿರ ಬರುತ್ತದೆ. ಅದರಲ್ಲಿದ್ದವಳು ದೀಪ ಎತ್ತಿ ಕೇಳುತ್ತಾಳೆ: “ಒಳಗೆ ಕರ್ಕೊಂಡು ಹೋಗ್ತೇನೆ. ನಿಮ್ಮ ಹತ್ರ ಕೊಡ್ಲಿಕ್ಕೆ ಏನುಂಟು?”