ಸ್ತನದ ಶಸ್ತ್ರಚಿಕಿತ್ಸೆಯ ನಂತರ ತೂಕ ಏರಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನಲ್ಲಿಗೆ ಬಂದ, ಶಿರಸಿ ಸಮೀಪದ ಹಳ್ಳಿಯ ಈ ಗೃಹಿಣಿಗೆ 38 ವರ್ಷ. ನಾಲ್ಕು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಆಗ 72 ಕಿಲೋ ಇದ್ದ ತೂಕ ಈಗ 79. "ಅಷ್ಟು ದುಡ್ಡು ಸುರಿದು ಏನು ಬಂತು? ಮೊದಲಿಗಿಂತ ದಪ್ಪಗಾಗಿದ್ದೀಯಲ್ಲ" ಎಂದು ಅತ್ತೆ ಅಂದದ್ದೇ ನೆಪ, ರಾತ್ರಿ ಊಟ ಬಿಟ್ಟರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ದಿನದಿನದ ತೂಕ ಬರೆಯತೊಡಗಿದರು. ಅದರ ಫೋಟೊ ತೋರಿಸಿದರು. ಕೆಲವು ಅಂಕಿಗಳನ್ನು ಕಾಗದ ಹರಿಯುವಷ್ಟು ಒತ್ತಿ ಗೀಚಿ ಹಾಕಿದ್ದರು.

"ಮೇಡಂ, ಸ್ತನ ಮತ್ತೆ ಬೆಳೆದುಬಿಡುತ್ತದೆಯೇ?"

ಉತ್ತರಕ್ಕೆ ಮೊದಲು, ಚಿಕಿತ್ಸೆ ಏಕೆ ಬೇಕಾಯಿತೆಂದು ಕೇಳಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕತ್ತು ಹಿಡಿದುಕೊಳ್ಳುತ್ತಿತ್ತು. ಒಳಉಡುಪಿನ ಪಟ್ಟಿ ಹೆಗಲಲ್ಲಿ ಹಳ್ಳ ಕೊರೆದಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಸ್ತನದ ಕೆಳಗೆ ಹುಣ್ಣಾಗುತ್ತಿತ್ತು. ಈಗ? ಯಾವುದೂ ಇಲ್ಲ. "ಆದರೆ ಕತ್ತುನೋವು ಹೋಯಿತೇ ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ" ಎಂದು ಅತ್ತರು.

ಇದನ್ನು ಸೊಗಸಿನ ಖಯಾಲಿ ಎಂದು ತಳ್ಳಿಹಾಕುವುದು ನನಗೆ ಸಹಿಸಲಾಗದು. ಗ್ರಂಥಿ, ಕೊಬ್ಬು, ಚರ್ಮವನ್ನು ತೆಗೆದು ಭಾರ ಇಳಿಸುವ ಚಿಕಿತ್ಸೆ ಇದು, ಮೈತೂಕ ಇಳಿಸುವುದಲ್ಲ. ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ: ಸ್ತನದಲ್ಲಿ ಉಳಿದಿರುವ ಕೊಬ್ಬು ಮೈತೂಕದೊಂದಿಗೆ ಹೆಚ್ಚಬಹುದು, ಗರ್ಭಧಾರಣೆಯಿಂದಲೂ ಹಾರ್ಮೋನುಗಳ ಏರುಪೇರಿನಿಂದಲೂ ಗಾತ್ರ ಬದಲಾಗಬಹುದು. ಹಾಗೆಂದು ಏಳು ಕಿಲೋ ಏರಿದ ಮಾತ್ರಕ್ಕೆ ಹಳೆಯ ಸ್ಥಿತಿ ಮರಳುತ್ತದೆ ಎಂದಲ್ಲ.

ವಿಚಾರಿಸಿದಾಗ, ಊಟ ಬಿಟ್ಟ ರಾತ್ರಿಗಳಲ್ಲಿ ಹನ್ನೊಂದರ ಹೊತ್ತಿಗೆ ಚಕ್ಕುಲಿ ಡಬ್ಬಿ ತೆರೆಯುತ್ತಿದ್ದರೆಂದು ತಿಳಿಯಿತು. ಸುಸ್ತು, ಮುಟ್ಟಿನ ಏರುಪೇರೂ ಇತ್ತು. ಥೈರಾಯ್ಡ್ ಪರೀಕ್ಷೆಗೆ ವೈದ್ಯರಲ್ಲಿಗೆ ಹೋಗಲು ಹೇಳಿದೆ. ಎಂಟು ಗಂಟೆಯೊಳಗೆ ಊಟ. ಅನ್ನ ಕಡಿಮೆ, ಪಲ್ಯ ಹೆಚ್ಚು, ತಂಬುಳಿ ಇರಲಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ. ಕತ್ತು ಹಗುರಾಗಿರುವುದರಿಂದ ಈಗ ಅದು ಸಾಧ್ಯ. ತೂಕ ನೋಡುವುದು ಹದಿನೈದು ದಿನಕ್ಕೊಮ್ಮೆ ಸಾಕು. ಹೊಸ ಗಂಟು ಕೈಗೆ ಸಿಕ್ಕರೆ ಹಳೆಯ ಕಲೆಯೆಂದು ಸುಮ್ಮನಿರದೆ ತೋರಿಸಬೇಕು. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸುವಾಗ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಬೇಕು.

ಅತ್ತೆಗೆ ಉತ್ತರಿಸುವ ಹೊಣೆ ಸೊಸೆಯದಲ್ಲ. ಪತಿಯನ್ನು ಕರೆಸಿ, "ನಿಮ್ಮ ಅಮ್ಮನಿಗೆ ನೀವೇ ತಿಳಿಸಿ ಹೇಳಿ" ಎಂದೆ. ಅವರು ಒಪ್ಪಿದರು. ಥೈರಾಯ್ಡ್ ವರದಿ ಬಂದ ಮೇಲೆ ಇಬ್ಬರೂ ಮತ್ತೆ ಬರುತ್ತಾರೆ.